ಬೆನ್ನು ನೆಟ್ಟಗಾದ ಮೇಲೆ

ನೆಲಿದಾಳ ಬೆನ್ನು ಕೈಕೊಟ್ಟ ವರ್ಷವೇ ಕುಣಿತದ ಜೊತೆಗಾರ ಓಸ್ವಾಲ್ದೋ ಅವಳ ಜೊತೆ ಟ್ಯಾಂಗೋ ಕುಣಿಯುವುದನ್ನು ಬಿಟ್ಟ. ಅಷ್ಟು ವರ್ಷ ಎದೆಗೊರಗಿಸಿಕೊಂಡು ಕುಣಿಸಿದವನು ಒಂದು ಶನಿವಾರದಿಂದ ಕುಣಿತದ ಹಾಲಿನಲ್ಲಿ ಬೇರೆ ಮೇಜುಗಳ ಕಡೆ ನೋಡತೊಡಗಿದ. 'ನನಗೆ ನೋವಾದೀತು ಅಂತ, ಪಾಪ' ಎಂದು ಅವಳೇ ಸಮಾಧಾನ ಮಾಡಿಕೊಂಡಳು. ಹೆಂಗಸರು ಗಂಡಸರಿಗಾಗಿ ಹುಡುಕಿಕೊಡುವಷ್ಟು ಚೆಂದದ ನೆಪ ಆ ಗಂಡಸರಿಗೂ ಹೊಳೆಯುವುದಿಲ್ಲ.

ಅದೇ ನೆಪವನ್ನು ನಂಬಿ ಅವಳು ಬೋಯೆದೊ ಬೀದಿಯ ಪಿಲಾಟೆಸ್ ವ್ಯಾಯಾಮದ ಕ್ಲಾಸಿಗೆ ಸೇರಿದಳು. ಸ್ಪ್ರಿಂಗ್ ಕಟ್ಟಿದ ಜಾರುವ ಮಂಚದ ಮೇಲೆ ಮಲಗಿ ಕಾಲಿನಿಂದ ಒತ್ತುವುದು, ಉಸಿರು ಹಿಡಿದು ಬಿಡುವುದು.

"ಕೈ ಊರ್ಬೇಡಿ ನೆಲಿದಾಮ್ಮ," ಅನ್ನುತ್ತಿದ್ದಳು ಟೀಚರ್ ಜಿಸೆಲಾ. "ಹೊಟ್ಟೆ ಒಳಗೆಳ್ಕೊಂಡು ಉಸಿರು ಬಿಡ್ತಾ ಏಳಿ. ನಿಮ್ಮನ್ನ ಎತ್ಬೇಕಾದ್ದು ಹೊಟ್ಟೆ."

"ಇಷ್ಟು ದಿನ ಎಂಪನಾದ ಕಡುಬು ತುಂಬ್ಕೊಂಡು ಆರಾಮಾಗಿತ್ತು ಕಣೇ. ಎತ್ತೋ ಕೆಲಸ ಅದಕ್ಕೆ ಹೊಸದು."

ವರ್ಷ ಕಳೆಯುವಷ್ಟರಲ್ಲಿ ಹೊಟ್ಟೆ ಕೆಲಸ ಕಲಿತಿತ್ತು. ನೆಲಿದಾ ನಿಂತೇ ಶೂ ಹಾಕಿಕೊಳ್ಳುತ್ತಿದ್ದಳು, ಬಸ್ಸನ್ನು ಸಲೀಸಾಗಿ ಹತ್ತುತ್ತಿದ್ದಳು, ಬೆಳಗಿನವರೆಗೆ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಮಾತ್ರ ಇದಾವುದೂ ಅಲ್ಲ. ಓಸ್ವಾಲ್ದೋ ಇನ್ನೊಮ್ಮೆ ಕುಣಿಯಲು ಕರೆಯಬೇಕಿತ್ತು.

ಒಂದು ಶನಿವಾರ ಕೆಂಪು ಲಂಗ ತೊಟ್ಟು ಗೆಳತಿ ಇರ್ಮಾಳ ಜೊತೆ ಕುಣಿತದ ಹಾಲಿಗೆ ಹೋದಳು. ಅಲ್ಲಿ ಬಾಯಿಬಿಟ್ಟು ಯಾರೂ ಕರೆಯುವುದಿಲ್ಲ. ಗಂಡಸು ಆ ಬದಿಯಿಂದ ಕಣ್ಣಲ್ಲಿ ಕಣ್ಣಿಟ್ಟು ತಲೆಯಾಡಿಸುತ್ತಾನೆ, ಹೆಂಗಸೂ ತಲೆಯಾಡಿಸುತ್ತಾಳೆ. ಆದರೆ ಅವನು ಮೇಜಿನ ಹತ್ತಿರ ಬರುವ ತನಕ ಏಳಬಾರದು. ಅಷ್ಟು ದೂರದಿಂದ ಬಂದ ಕರೆ ಯಾರಿಗೆಂದು ಹೇಳುವುದು ಕಷ್ಟ. ಹೊಸಬರಿಗೆಲ್ಲ ಇದನ್ನು ಹೇಳಿಕೊಟ್ಟವಳೇ ನೆಲಿದಾ.

ಓಸ್ವಾಲ್ದೋ ಇತ್ತ ನೋಡಿ ತಲೆಯಾಡಿಸಿದ. ನೆಲಿದಾ ಉಸಿರು ಬಿಟ್ಟಳು, ಕೈ ಊರದೆ ಎದ್ದೇಬಿಟ್ಟಳು. ನೋವಿದ್ದ ಕಾಲದಲ್ಲಾದರೆ ಅವಳು ಏಳುವಷ್ಟರಲ್ಲಿ ಅವನು ಬಂದು ದಾಟಿಹೋಗಿರುತ್ತಿದ್ದ, ಮಾನ ಉಳಿಯುತ್ತಿತ್ತು.

"ಅರೆ, ನೆಲಿದಾ," ಅಂದ ಹತ್ತಿರ ಬಂದ ಓಸ್ವಾಲ್ದೋ. "ಬೆನ್ನು ವಾಸಿಯಾಯ್ತಾ?"

"ಪೂರ್ತಿ ವಾಸಿ."

"ಒಳ್ಳೇದಾಯ್ತು ಬಿಡು. ಸ್ವಲ್ಪ ಪಕ್ಕಕ್ಕೆ ಸರೀತೀಯಾ? ನಾನು ಕರೆದಿದ್ದು ಹಿಂದಿನ ಮೇಜಿನವ್ರನ್ನ."

ನೆಲಿದಾ ತಿರುಗಿ ನೋಡಿದಳು. ಹಿಂದೆ ಕೂತವಳು ಚಿಕ್ಕ ಹುಡುಗಿಯಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಅಲ್ಲಿದ್ದವಳು ಅವಳದೇ ವಯಸ್ಸಿನವಳು. ಮೇಜು ಹಿಡಿದು, ಇನ್ನೊಂದು ಕೈಯಿಂದ ಸೊಂಟ ಒತ್ತಿಕೊಂಡು ಏಳಲು ಒದ್ದಾಡುತ್ತಿದ್ದಳು.

"ನಿಧಾನ," ಎಂದು ಓಸ್ವಾಲ್ದೋ ತೋಳು ಕೊಟ್ಟ. "ಅವಸರ ಏನಿಲ್ಲ. ನೋವಾದ್ರೆ ನಿಂತಲ್ಲೇ ತೂಗಾಡೋಣ."

ಹಾಡು ಶುರುವಾಯಿತು. ಇರ್ಮಾ ಲಂಗದ ತುದಿ ಹಿಡಿದೆಳೆದಳು. "ಕೂತ್ಕೊಳ್ಳೇ, ಎಲ್ರೂ ನೋಡ್ತಿದಾರೆ."

ನೆಲಿದಾ ಕುಳಿತಳು. ಬೆನ್ನಿನಲ್ಲಿ ಎಲ್ಲಾದರೂ ಚೂರು ನೋವು ಉಳಿದಿದೆಯೇ ಎಂದು ಆಸೆಯಿಂದ ಹುಡುಕಿದಳು. ಎಲ್ಲೂ ಇರಲಿಲ್ಲ.