ಮರಿಲಿಂಗಪ್ಪನ ಹಿಂದೆ ನಿಂತವಳು

ಕಾಲು, ಮರಿಲಿಂಗಪ್ಪನ ಕಾಲು ನೋಡು ಯಂಕಣ್ಣ, ಎಂದು ನನಗೆ ನಾನೇ, ಎದೆ ನೋಡಿ ಮರುಳಾಗಬೇಡ, ದಿನಾ ಭತ್ತದ ಚೀಲ ಹೊತ್ತು ಲಾರಿಯ ಹಲಗೆ ಹತ್ತುವವನಿಗೆ ಎದೆ ಬಾರದೆ ಏನು ಬಂದೀತು, ಆದರೆ ಈ ಕಾಲು, ಇಷ್ಟು ದೊಡ್ಡ ದೇಹದ ಕೆಳಗೆ ಇಷ್ಟು ಸಣ್ಣ ಸಣ್ಣ ಹೆಜ್ಜೆ, ಕಾದ ಹಂಚಿನ ಮೇಲೆ ನಿಂತ ಹಾಗೆ, ಎದುರು ನಿಂತ ಗೆಳೆಯ ಹಣಮೇಶ ಎಡಕ್ಕೆ ಹಾರಿದರೆ ಎಡಕ್ಕೆ, ಬಲಕ್ಕೆ ಹಾರಿದರೆ ಬಲಕ್ಕೆ, ಢಬ್ — ಬಿದ್ದ ಹಣಮೇಶ, ಮತ್ತೆ ಬಿದ್ದ, ಮೂಗಿನಿಂದ ರಕ್ತ, ಶಹಾಪುರದ ಕಾಲೇಜು ಮೈದಾನದ ಕರಿಮಣ್ಣೆಲ್ಲ ಅವನ ಹಲ್ಲಿನ ಸಂದಿಯಲ್ಲಿ, ಆದರೂ ನಗುತ್ತಾನೆ ಕಳ್ಳ, ಸರ್ ಇದು ಆಟನೋ ಅಡತಿ ಅಂಗಡಿ ಮುಂದ ಲಾರಿ ರಿವರ್ಸ್ ತಗೊಳ್ಳೂದೋ, ನನಗ ಸಾಕ್ರಿ, ನಮ್ಮವ್ವಗ ನಾ ಒಬ್ಬನ ಮಗ. ಆಟವೇ ಹೌದಪ್ಪಾ, ಅಮೆರಿಕದವರ ಫುಟ್‌ಬಾಲು, ಹೆಸರು ಕಾಲಿನದು, ಓಡುವುದು ಮಾತ್ರ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, ನಾನೂ ಅದನ್ನು ಮೊಬೈಲಿನಲ್ಲಿ ನೋಡಿ ನೋಡಿಯೇ ಕಲಿತದ್ದು, ನನ್ನಂಥ ಸುರಪುರದ ಕಬಡ್ಡಿಯವನಿಗೆ ಮೊಣಕಾಲು ಹೋದ ಮೇಲೆ ಇನ್ನೇನು ಉಳಿದಿತ್ತು, ಹೈದರಾಬಾದಿನ ಸೇಠ್ ತಂಡ ಕಟ್ಟಿದ, ಹುಡುಗರನ್ನು ಹುಡುಕಿ ತಾ ಎಂದ, ಓಡುವವರು ಸಿಕ್ಕರು, ಚೆಂಡು ಎಸೆಯುವವನೂ ಸಿಕ್ಕ, ಸಿಗದೆ ಉಳಿದವನು ಮುಂದಿನ ಸಾಲಿನವನು — ಆಟ ಮುಗಿಯುವವರೆಗೆ ಚೆಂಡು ಮುಟ್ಟದವನು, ಎಸೆಯುವವನನ್ನು ಬೆನ್ನ ಹಿಂದೆ ಇಟ್ಟುಕೊಂಡು, ನುಗ್ಗಿ ಬಂದವರಿಗೆ ಎದೆ ಕೊಟ್ಟು ನೂಕುವವನು, ಯಾರೂ ಹೆಸರು ಹಿಡಿದು ಕೂಗದವನು. ಲಡ್ಕಾ ಕೈಸಾ ಹೈ ಯಂಕಣ್ಣ, ಹುಡುಗ ಹೇಗಿದ್ದಾನೆ, ಬೆಳಿಗ್ಗೆಯಿಂದ ಫೋನಿನಲ್ಲಿ ಸೇಠ್‌ಗೆ ಇದೊಂದೇ ಮಾತು, ಹೂಂ ಅಂದರೆ ಮರಿಲಿಂಗಪ್ಪ ಇವತ್ತೇ ನನ್ನ ಜೊತೆ ಯಾದಗಿರಿಯಲ್ಲಿ ರೈಲು ಹತ್ತಬೇಕು, ಊಹೂಂ ಅಂದರೆ ಮತ್ತೆ ಚೀಲ ಹೊರಬೇಕು.

ಹೂಂ ಅನ್ನಲು ಬಾಯಿ ಬರುವುದಿಲ್ಲ ನೋಡು, ಯಾಕೆಂದರೆ ಕೆಡವಿದ ಮೇಲೆ ಇವನು ಏನು ಮಾಡುತ್ತಾನೆ — ಬಗ್ಗಿ ಕೈ ಕೊಡುತ್ತಾನೆ, ಪೆಟ್ಟಾತೇನೋ ಹಣಮ್ಯಾ, ಮ್ಯಾಲ ನೋಡು, ಮೂಗ ಹಿಡ್ಕೊ, ಅಂಗಿಯ ಮಣ್ಣು ಝಾಡಿಸುತ್ತಾನೆ, ಥೂ, ಅಲ್ಲಿ ಬರುವವರು ಪಂಜಾಬಿನ ಹುಡುಗರು, ಮಣಿಪುರದ ಹುಡುಗರು, ಮೊಣಕೈಯನ್ನು ಗಂಟಲಿಗೇ ಇಡುವವರು, ಇವನ ಈ ಮರುಕವನ್ನು ಎರಡೇ ಆಟದಲ್ಲಿ ಅರೆದು ಕುಡಿದುಬಿಡುತ್ತಾರೆ, ಕಾಲಿದೆ, ಕಸುವಿದೆ, ಸೆಡವು ಎಲ್ಲಿ, ಸೆಡವಿಲ್ಲದ ಗೋಡೆ ಎಂಥ ಗೋಡೆ. ನಾನೇ ಎದ್ದು ಹೋದೆನಲ್ಲ, ಈ ಕುಂಟು ಮೊಣಕಾಲು ಇಟ್ಟುಕೊಂಡು, ತಲೆ ತಗ್ಗಿಸಿ ನುಗ್ಗಿದೆ, ಮೊಟ್ಟೆಯ ಬುಟ್ಟಿ ಇಳಿಸಿದ ಹಾಗೆ ಇಳಿಸಿದ ನನ್ನನ್ನು, ಸರ್ ನೀವು ಹಿರಿಯಾರು. ಪಟಾರನೆ ಕೆನ್ನೆಗೆ ಹೊಡೆದೆ. ನಿಂತುಕೊಂಡ. ಹಮಾಲನ ಮಗನೇ ಅಂದೆ, ಹೌದ್ರಿ ಸರ್ ಅಂದ. ಆಟದ ಮಾಸ್ತರ ವಿಶ್ವರಾಧ್ಯ ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕ, ಯಂಕಣ್ಣ, ಆವಾ ಎತ್ತಲ್ಲೋ ಮಾರಾಯಾ, ಆಕಳ.

ಅಷ್ಟಕ್ಕೇ ಬಿಟ್ಟು ಬರಬಹುದಿತ್ತು, ಬೇವಿನ ಮರದ ಕೆಳಗೆ ಹೋಗಿ ಕೂತದ್ದೇ ತಪ್ಪಾಯಿತು, ಅಲ್ಲಿ ಅವನ ತಾಯಿ, ಮಾನಮ್ಮ, ದೋರನಹಳ್ಳಿಯಿಂದ ಬುತ್ತಿ ಕಟ್ಟಿಕೊಂಡು ಬಂದವಳು, ಉಣ್ಣು ಯಣ್ಣಾ, ಪುಂಡಿಪಲ್ಯ ಐತಿ, ಎಂದು ರೊಟ್ಟಿ ಕೈಗಿಟ್ಟಳು, ಕೈಗಿಟ್ಟವಳು ಹತ್ತಿರ ಸರಿದು, ಅವನ್ನ ಹ್ಯಾಂಗರೆ ಮಾಡಿ ಕರ್ಕೊಂಡ ಹೋಗಪ್ಪಾ, ನನಗ ರೊಕ್ಕ ಬ್ಯಾಡ ಏನ ಬ್ಯಾಡ, ಇಲ್ಲೇ ಇದ್ರ ಒಂದಿನ ಅವರಪ್ಪನ್ನ ಕೊಂದು ಜೇಲಿಗಿ ಹೋಗ್ತಾನ. ಈ ಆಕಳೇ ಅಂದೆ. ನಕ್ಕಳು, ಹುಬ್ಬಿನ ಮೇಲೆ ಹಳೆಯ ಹೊಲಿಗೆಯ ಗುರುತು, ನಕ್ಕಾಗ ಅದೂ ಎದ್ದು ನಗುತ್ತದೆ, ಅವರಪ್ಪ ಕುಡುದು ಬಂದು ನನ್ನ ಮ್ಯಾಲ ಕೈ ಎತ್ತಿದಾ ಅಂದ್ರ ಇವಾ ನಡಕ ಬಂದು ನಿಂದರತಾನ, ನನ್ನ ಬೆನ್ನ ಹಿಂದ ಹಾಕ್ಕೊಂಡು, ಸಾಲಿಗಿ ಹಚ್ಚಿದಾಗಿಂದ ಹಿಂಗ, ಮೊದಲ ಪೆಟ್ಟ ತಾನ ತಿಂತಿದ್ದಾ, ಈಗ ಅವರಪ್ಪ ತಿಂತಾನ, ಮೊನ್ನಿ ಪಕ್ಕೆಲಬು ಮುರದೈತಿ, ನಾಕು ಮಂದಿ ಹಿಡದರೂ ಬಿಟ್ಟಿಲ್ಲ. ಅವಳು ತನ್ನ ಅಳಲನ್ನು ಹೇಳುತ್ತಿದ್ದಳು, ನನಗೆ ಕೇಳಿಸಿದ್ದು ಬೇರೆ — ಸಣ್ಣವನಿದ್ದಾಗಿಂದ ಅಭ್ಯಾಸ, ಬೆನ್ನ ಹಿಂದೆ ಒಬ್ಬರು, ಎದುರಿಗೆ ಒಬ್ಬ ನುಗ್ಗುವವನು, ಯಾವ ಅಕಾಡೆಮಿಯಲ್ಲಿ ಇದನ್ನು ಕಲಿಸುತ್ತಾರೆ, ರೊಟ್ಟಿ ಬಾಯಲ್ಲೇ ಇತ್ತು, ಎದ್ದೆ, ಅವ್ವಾ ನೀ ಬಾ, ಇಲ್ಲಿ ನಿಲ್ಲು, ಎಸೆಯುವವನ ಜಾಗದಲ್ಲಿ, ಅವನ ಹಿಂದೆ. ಅವಳು ಸೆರಗು ನಡುವಿಗೆ ಸಿಗಿಸಿ, ನಾಚಿ, ಚಂಡ ಎಲ್ಲಿ ಒಗೀಲೋ ಯಪ್ಪಾ, ಹೊಲದಾಗ ಗುಬ್ಬಿಗಿ ಕಲ್ಲ ಒಗದಾಕಿ ನಾ. ಬ್ಯಾಡ ಯಂಕಣ್ಣ, ಇದು ಚೊಲೋ ಅಲ್ಲ, ವಿಶ್ವರಾಧ್ಯ, ಸೀಟಿ ಬಾಯಿಂದ ತೆಗೆದು. ನಾನು ಕುಡುಕನ ಹಾಗೆ ತೂರಾಡಿದೆ, ಬಾರಲೇ ಮಾನಿ ಎಂದು ಒದರಿದೆ, ಕೈ ಎತ್ತಿದೆ, ಅವಳ ಕಡೆಗೆ ಓಡಿದೆ —

ಸಪ್ಪಳ ಮೊದಲು ಬಂತು, ಒಣ ಹತ್ತಿಕಟ್ಟಿಗೆ ಮೊಣಕಾಲಿಗಿಟ್ಟು ಮುರಿದ ಸಪ್ಪಳ, ನನ್ನೊಳಗಿನದು ಎಂದು ಆಮೇಲೆ ತಿಳಿಯಿತು, ಭುಜದ ಮೇಲಿನ ಎಲುಬು, ಆಮೇಲೆ ಆಕಾಶ, ಆಮೇಲೆ ಬೆನ್ನಿಗೆ ನೆಲ, ಉಸಿರು ಎಲ್ಲಿ ಹೋಯಿತು, ಬಾಯಲ್ಲಿ ಉಪ್ಪು, ನಾಲಿಗೆಯ ತುದಿ ನಾನೇ ಕಡಿದುಕೊಂಡಿದ್ದೇನೆ, ಬಂತು ನೋಡು, ಇದೇ ಬೇಕಾಗಿತ್ತು, ಇದೇ, ಇಂಥ ಹೊಡೆತ ಮೊಬೈಲಿನಲ್ಲೂ ನೋಡಿಲ್ಲ, ಈಗ ಬಗ್ಗಿ ಕೈ ಕೊಡುತ್ತಾನೆ, ಪೆಟ್ಟಾತೇನ್ರಿ ಸರ್ ಅನ್ನುತ್ತಾನೆ, ಕಾಯುತ್ತಿದ್ದೇನೆ, ಬಗ್ಗುವುದಿಲ್ಲ. ನನ್ನನ್ನು ನೋಡುವುದೇ ಇಲ್ಲ. ಅವನ ಕಣ್ಣು ನನ್ನ ಮೇಲಿಂದ ಹಾದು ಆಚೆ ಹೋಗಿದೆ, ಮುಂದಿನವನನ್ನು ಹುಡುಕುತ್ತಿದೆ. ವಿಶ್ವರಾಧ್ಯ ನೀರಿನ ಬಾಟಲಿ ಹಿಡಿದು ಓಡಿಬಂದ, ಸೀಟಿ, ಸೀಟಿ, ಸೀಟಿ, ಮರಿಲಿಂಗಪ್ಪ ಆಟ ಮುಗೀತೋ, ಢಬ್ — ಸೀಟಿ ಹಲ್ಲಿನ ಜೊತೆ ಹಾರಿತು, ಮಾಸ್ತರ ಕೆಂಪು ಉಗುಳುತ್ತಾ ಮಣ್ಣಿನಲ್ಲಿ ತಡಕಾಡುತ್ತಿದ್ದಾನೆ, ಅವನನ್ನೂ ನೋಡಲಿಲ್ಲ, ಕಣ್ಣು ಆಗಲೇ ಹಣಮೇಶನ ಮೇಲೆ, ಬ್ಯಾಡಲೇ ದೋಸ್ತ ನಾನಲೇ ಎನ್ನುತ್ತಾ ಹಿಂದೆ ಸರಿದವನ ಮೇಲೆ, ಅವನು ಓಡಿದ ಮೇಲೆ ಗೇಟಿನ ಕಡೆಗೆ. ಸಾಕೋ ಮರಿಯಾ, ಮಗನಾ, ನಾ ನಿಮ್ಮವ್ವ ಅದೀನಿ, ಮಾನಮ್ಮ ಹಿಂದಿನಿಂದ ರಟ್ಟೆ ಹಿಡಿದಳು, ಹಿಡಿದ ಕೈಯನ್ನು ತಿರುಗಿ ನೋಡದೆ ಹಿಂದಕ್ಕೆ ದಬ್ಬಿದ, ನಿಲ್ಲಬೇಕಾದ ಜಾಗಕ್ಕೆ ಸರಿಸಿದ ಹಾಗೆ, ಅವಳು ಮಗ್ಗುಲಾಗಿ ಬಿದ್ದಳು, ಬಳೆ ಒಡೆದ ಸಪ್ಪಳ ನನಗೆ ಕೇಳಿತು, ಅವನಿಗೆ ಕೇಳಲಿಲ್ಲ. ಎದೆಯ ಜೇಬಿನಲ್ಲಿ ಫೋನು ನಡುಗುತ್ತಿದೆ, ನಡುಗಿದಾಗೆಲ್ಲ ಮುರಿದ ಎಲುಬಿನ ತುದಿ ಒಂದಕ್ಕೊಂದು ಉಜ್ಜುತ್ತದೆ, ಸೇಠ್, ಲಡ್ಕಾ ಕೈಸಾ ಹೈ, ಊಹೂಂ ಅಂದರೆ ಇವನು ಇದೇ ಕಣ್ಣು ಹೊತ್ತು ದೋರನಹಳ್ಳಿಗೆ ಹೋಗುತ್ತಾನೆ, ಅಪ್ಪ ಮನೆಯಲ್ಲೇ ಮಲಗಿರುತ್ತಾನೆ, ಪಕ್ಕೆಗೆ ಪಟ್ಟಿ ಕಟ್ಟಿಕೊಂಡು, ಹೂಂ ಅಂದರೆ ಎದುರಿಗೆ ಯಾರೋ ಒಬ್ಬ ತಾಯಿಯ ಮಗ, ಮಣಿಪುರದವಳ ಮಗ, ಪಂಜಾಬಿನವಳ ಮಗ, ಸೀಟಿ ಊದುತ್ತಲೇ ಇರುತ್ತಾರೆ, ಇವನಿಗೆ ಕೇಳಿಸದು — ಹೇಳು ಯಂಕಣ್ಣ, ಹುಡುಗನ ಕಾಲು ಚೊಲೋ ಐತಿ ಅನ್ನು, ಅಷ್ಟೇ ಅನ್ನು, ಬೆರಳು ಜೇಬಿನವರೆಗೆ ಹೋಗುತ್ತಿಲ್ಲ, ಅವಳು ಮಣ್ಣಿನಲ್ಲಿ ಕೂತೇ ಅವನ ಪ್ಯಾಂಟಿನ ತುದಿ ಹಿಡಿದಿದ್ದಾಳೆ, ಮೈದಾನದಲ್ಲಿ ನಿಂತವರು ಯಾರೂ ಉಳಿದಿಲ್ಲ, ಆದರೂ ಆ ಕಣ್ಣು, ನನ್ನ ಮೇಲಿಂದ ಎಡಕ್ಕೆ, ಗೇಟು, ಮತ್ತೆ ಬಲಕ್ಕೆ, ಬೇವಿನ ಮರ, ರೊಟ್ಟಿಯ ಗಂಟು, ಮತ್ತೆ ಎಡಕ್ಕೆ, ರೆಪ್ಪೆ ಬಡಿಯದೆ, ಮುಂದಿನವನು, ಆ ಕಣ್ಣು, ಮುಂದಿನವನು, ಆ ಕಣ್ಣು