ಗುಬ್ಬಿಯ ಜ್ವರಕ್ಕೆ ಸಾಕ್ಷಿ

ಗುಬ್ಬಿಗೆ ಮತ್ತೆ ಜ್ವರ, ಬಾಯಿ ತುಂಬ ಹುಣ್ಣು. ಅವಳ ಅಪ್ಪ ಗಾರೆ ಕೆಲಸ ಬಿಟ್ಟು, ಮಗಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದ. ಅದರ ಹಿಂಬದಿಯ ಪ್ರಯೋಗಾಲಯದಲ್ಲೇ ಅವನ ಅಕ್ಕನಿಗೆ ಕೆಲಸ.

"ಅತ್ತೇ, ಕಿತ್ತಳೆ ಬೇಕು," ಎಂದಳು ಗುಬ್ಬಿ, ತುಟಿ ಅಲ್ಲಾಡಿಸದೆ.

"ಬಾಯಿ ಉರಿಯತ್ತಲ್ಲ ಕಂದ."

"ಉರೀಲಿ."

ಎಷ್ಟು ಹುಡುಕಿದರೂ ಜ್ವರ ತರುವ ಕ್ರಿಮಿ ಸಿಕ್ಕಿರಲಿಲ್ಲ. ಕೊಡುತ್ತಿದ್ದ ಮಾತ್ರೆಗಳು ಮಾತ್ರ ಕ್ರಿಮಿ ಕೊಲ್ಲುವವೇ. ಅಕ್ಕನ ಅನುಮಾನ ಬೇರೆ. ಕ್ರಿಮಿ ಬಂದಾಗ ಜೀವಕೋಶದೊಳಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಬೇರೆ ಪ್ರೋಟೀನುಗಳಿಗೆ ಚೀಟಿಯಂತೆ ಅಂಟುತ್ತದೆ; ಒಂದರ ಬಾಲಕ್ಕೊಂದು ಸೇರಿ ಸರಪಳಿಯಾಗುತ್ತದೆ. ಸರಪಳಿ ಬೆಳೆದರೆ ಕೋಶ ಕೂಗು ಹಾಕುತ್ತದೆ, ಮೈ ಕಾಯುತ್ತದೆ. ಕೆಲಸ ಮುಗಿದ ಮೇಲೆ ಕತ್ತರಿಯಂಥ ಇನ್ನೊಂದು ಪ್ರೋಟೀನು ಅದನ್ನು ತುಂಡರಿಸಿ ಕೂಗು ನಿಲ್ಲಿಸಬೇಕು. ಗುಬ್ಬಿಯಲ್ಲಿ ಆ ಕತ್ತರಿಯೇ ಸಾಲದೇನೋ.

"ಹಾಗಿದ್ರೆ ಕೂಗು ತಗ್ಗಿಸೋ ಔಷಧಿ ಇದೆ," ಎಂದರು ಮಕ್ಕಳ ಡಾಕ್ಟರು. "ಆದ್ರೆ ಒಳಗೆ ನಿಜವಾಗಿ ಕ್ರಿಮಿ ಇದ್ದು ಅದನ್ನ ಕೊಟ್ರೆ ಮಗು ಕೈಬಿಟ್ಟು ಹೋಗತ್ತೆ. ಸಾಕ್ಷಿ ತನ್ನಿ."

ಗುಬ್ಬಿಯ ರಕ್ತ ತೆಗೆದದ್ದಾಯಿತು. ಹೋಲಿಕೆಗೆ ಪ್ರಯೋಗಾಲಯದ ಹಿರಿಯಮ್ಮ ತೋಳು ಚಾಚಿದರು. "ತಗೋ, ಕಾಫಿ ಬಿಟ್ರೆ ಅದರಲ್ಲಿ ಏನೂ ಇಲ್ಲ."

ಅಕ್ಕ ಎರಡೂ ರಕ್ತದ ಕೋಶಗಳನ್ನು ಕ್ರಿಮಿ ಬಂತೆಂಬಂತೆ ಕೆಣಕಿದಳು, ಕಾದಳು, ಒಡೆದಳು, ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್ಲಿನಲ್ಲಿ ಓಡಿಸಿದಳು. ಅದರಿಂದ ತೆಗೆದ ಪಟದಲ್ಲಿ ಏನೂ ಇಲ್ಲ. ಕೆಣಕಿದ ಕೂಡಲೆ ಕಾಣಬೇಕಾದ ಸರಪಳಿಯೂ ಇಲ್ಲ, ಇಬ್ಬರದೂ ಖಾಲಿ.

ಹಿರಿಯಮ್ಮ ಕನ್ನಡಕ ಮೇಲೇರಿಸಿದರು. "ಕೋಶ ಒಡೆದ್ರೂ ಕತ್ತರಿಗಳು ಸಾಯಲ್ಲ ಕಣೆ. ಕೊಳವೆಯಲ್ಲೂ ಕತ್ತರಿಸ್ತಾ ಕೂತಿರ್ತವೆ. ತಡೆಯೋ ಮದ್ದು ಹಾಕಿದ್ಯಾ?"

"ಹಾಕಿದ್ದೆ. ಬೆಳಗ್ಗೆನೇ ನೀರಲ್ಲಿ ಕಲಸಿಟ್ಟಿದ್ದೆ."

"ಬೆಳಗ್ಗೆ! ನಿನ್ನ ತಮ್ಮ ಕಲಸಿದ ಗಾರೆನ ಸಂಜೆತನಕ ಇಡ್ತಾನೇನೆ? ನೀರಿಗೆ ಬಿದ್ಮೇಲೆ ಅದರ ಕಸುವು ಎಷ್ಟು ಹೊತ್ತು?"

ಅಕ್ಕ ಹಣೆ ಚಚ್ಚಿಕೊಂಡಳು. ಅವಳಿಗದು ಗೊತ್ತಿಲ್ಲದ್ದೇನಲ್ಲ, ಅವಸರ ಕಣ್ಣು ಕಟ್ಟಿತ್ತು. ಮತ್ತೆ ಗುಬ್ಬಿಯ ಹಾಸಿಗೆಯ ಬಳಿ ಹೋದಳು.

"ಮತ್ತೆ ಸೂಜಿನಾ? ಕಿತ್ತಳೆ ಕೊಟ್ರೆ ಮಾತ್ರ."

"ಆಣೆಗೂ ಕೊಡ್ತೀನಿ."

ಈ ಸಲ ಕೋಶ ಒಡೆಯುವ ಹೊತ್ತಿಗೇ ಮದ್ದಿನ ಪುಡಿ ತೂಗಿದಳು, ಕಲಸಿದ ಕೈಯಲ್ಲೇ ಸುರಿದಳು.

ಪಟ ಮೂಡಿತು. ಕೆಣಕಿದ ಕೂಡಲೆ ಇಬ್ಬರಲ್ಲೂ ಸರಪಳಿ ಒಲೆಯ ಹೊಗೆಯಂತೆ ಮೇಲೆದ್ದಿತ್ತು. ಹೊತ್ತು ಕಳೆದಂತೆ ಹಿರಿಯಮ್ಮನ ಹೊಗೆ ಕರಗಿತ್ತು. ಗುಬ್ಬಿಯದು ಕಪ್ಪಗೆ, ಕದಲದೆ ನಿಂತಿತ್ತು. ಪಕ್ಕದ ಪಟದಲ್ಲಿ ಅವಳ ಕತ್ತರಿ ಪ್ರೋಟೀನಿನ ಗೆರೆ ಹಿರಿಯಮ್ಮನದರ ಅರ್ಧದಷ್ಟೂ ದಪ್ಪವಿರಲಿಲ್ಲ.

"ಸಿಕ್ತೂ!" ಅಕ್ಕನ ಕೂಗಿಗೆ ಪಕ್ಕದ ಕೋಣೆಯವರೂ ಓಡಿಬಂದರು.

"ಮೆಲ್ಲಗೆ ಕಣೆ," ಎಂದರು ಹಿರಿಯಮ್ಮ ಕಣ್ಣೊರೆಸಿಕೊಳ್ಳುತ್ತ. "ನಿಂಗೂ ಕತ್ತರಿ ಕಮ್ಮಿನಾ?"

ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದು ನೋಡಿ, ಔಷಧಿ ಚೀಟಿಯಲ್ಲಿ ಹಳೆಯ ಮಾತ್ರೆಗಳ ಹೆಸರಿನ ಮೇಲೆ ಅಡ್ಡಗೆರೆ ಎಳೆದರು.

ಹೊಸ ಔಷಧಿಗೆ ಜ್ವರ ಇಳಿಯಿತು. ಹುಣ್ಣುಗಳು ನಿಧಾನವಾಗಿ ಒಣಗಿದವು. ಮನೆಗೆ ಹೊರಡುವ ದಿನ ಗುಬ್ಬಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕಿತ್ತಳೆಯ ತೊಳೆಯೊಂದನ್ನು ಇಡಿಯಾಗಿ ಬಾಯಿಗಿಟ್ಟುಕೊಂಡಳು. ಅಪ್ಪ ಅವಳತ್ತ ಬಗ್ಗಿದ. "ಉರಿಯತ್ತೇನೇ?"

ಅವಳು ಮುಖ ಕಿವುಚಿದಳು. "ಹುಳೀ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿ, ಇನ್ನೊಂದು ತೊಳೆಗೆ ಕೈಚಾಚಿದಳು.