ಮಕೋರ್ಟಫನ ಮೂವತ್ತೊಂದು

ವಾಸಿಲ್ ಮಕೋರ್ಟಫ್ ಹೇಳಿದ ಅಂಕಿಯನ್ನು ಎರಡರಿಂದ ಭಾಗಿಸಬೇಕು ಎಂಬುದು ಆಲ್ಡರ್ ಲ್ಯಾಂಡಿಂಗ್ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆತ ಹಿಡಿದ ಮೀನು ಎಂಟು ಕಿಲೋ ಎಂದರೆ ನಾಲ್ಕು. ಆತ ಅಟ್ಟಿದ ಕರಡಿ ಎರಡು ಎಂದರೆ ಒಂದು. ಒಂದೇ ಎಂದರೆ ಅರ್ಧ ಕರಡಿ, ಅಂದರೆ ಪಕ್ಕದ ಮನೆಯ ನಾಯಿ.

ಆದರೆ ಆತ ಹಿಮಬಂಡಿ ಓಡಿಸಿದ ಮೂವತ್ತೆರಡು ಚಳಿಗಾಲಗಳನ್ನು ಮಾತ್ರ ಯಾರೂ ಭಾಗಿಸುವ ಹಾಗಿಲ್ಲ. ಸರಪಳಿ ಚಕ್ರದ ಆ ಬಂಡಿಯನ್ನು, ನಮ್ಮವರು ಕ್ಯಾಟ್ ಎನ್ನುವ ಆ ಉಕ್ಕಿನ ಎಮ್ಮೆಯನ್ನು, ಆತ ಗೋಡೆಯಂಥ ಬೆಟ್ಟಗಳ ಮೇಲೆ ಹತ್ತಿಸುವಾಗ ಮೊಣಕಾಲ ಸಂದಿಯಲ್ಲಿಟ್ಟುಕೊಂಡ ಕಾಫಿ ಲೋಟದಿಂದ ಒಂದು ಹನಿ ಚೆಲ್ಲುತ್ತಿರಲಿಲ್ಲ. ಆತ ತುದಿಗೆ ಮುಟ್ಟಿಸಿದ ಗಿರಾಕಿಗಳನ್ನು ಸಾಲಾಗಿ ನಿಲ್ಲಿಸಿದ್ದರೆ ಆ ಸಾಲು ವ್ಯಾಂಕೂವರ್ ದಾಟಿ, ಸಮುದ್ರಕ್ಕಿಳಿದು, ಜಪಾನಿನ ಅರ್ಧ ದಾರಿ ತಲುಪುತ್ತಿತ್ತು. ಅಷ್ಟು ಉದ್ದದ ಸಾಲಿನಲ್ಲಿ ನೆಟ್ಟಗೆ ಸ್ಕೀ ಮಾಡಬಲ್ಲವರು ಏಳು ಮಂದಿ. ಉಳಿದವರು ಮೇಲಿನಿಂದ ಕೆಳಕ್ಕೆ ಉರುಳಿ, ಬಾಯಲ್ಲಿ ಹಿಮ ತುಂಬಿಕೊಂಡು, 'ಜೀವನ ಸಾರ್ಥಕವಾಯಿತು' ಎಂದು ಅಳುವ ಜಾತಿ. ಅವರು ಹೊಸ ಹುಡಿಹಿಮದಲ್ಲಿ ಕೇಕೆ ಹಾಕುತ್ತ ಇಳಿಯುವಾಗ ಮಕೋರ್ಟಫ್ ಖಾಲಿ ಬಂಡಿ ತಿರುಗಿಸಿಕೊಂಡು ಕೆಳಗೆ ಬಂದು ಕಾಯುತ್ತಿದ್ದ. ಮೂವತ್ತೆರಡು ವರ್ಷ ಮುಂದಿನ ಸೀಟಿನಲ್ಲಿ ಕೂತವನು ಹಿಂದಿನ ಸೀಟಿನಲ್ಲಿ ಒಂದು ದಿನವೂ ಕೂತಿರಲಿಲ್ಲ.

ಆದ್ದರಿಂದಲೇ, ನಿವೃತ್ತಿಯ ದಿನ ಕಣಿವೆಯ ಚಾಲಕರೆಲ್ಲ ಸೇರಿ ಆತನಿಗೊಂದು ಚೀಟಿ ಕೊಟ್ಟರು. ಕಣಿವೆಯ ಮೂರು ಹಿಮಬಂಡಿ ಕಂಪನಿಗಳಲ್ಲಿ ಯಾವುದನ್ನಾದರೂ ಆರಿಸಿಕೋ. ಒಂದು ದಿನ ಪುಕ್ಕಟೆ, ಹಿಂದಿನ ಸೀಟು, ಗಿರಾಕಿಯ ಮರ್ಯಾದೆ. ಅದೇ ವಾರ ಡಾಕ್ಟರು ಬಲಗಾಲಿನ ಚಿತ್ರವನ್ನು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಮಾರ್ಚ್ ಹತ್ತೊಂಬತ್ತಕ್ಕೆ ಆ ಮಂಡಿ ತೆಗೆದು ಲೋಹದ್ದು ಹಾಕಬೇಕು. ಆಮೇಲೆ ಆಳ ಹಿಮದ ಕನಸನ್ನೇ ಬಿಡಬೇಕು. ಅದಕ್ಕೆ ಮುಂಚೆ ಬೇಕಿದ್ದರೆ ಒಂದು ದಿನ ಸ್ಕೀ ಮಾಡಬಹುದು, ಒಂದೇ ದಿನ, ಅದೂ ಹಿಮ ಹತ್ತಿಯಂತಿದ್ದರೆ. ಕೆಳಗೆ ಗಟ್ಟಿ ಪದರವೇನಾದರೂ ಸಿಕ್ಕರೆ ಮಂಡಿಯನ್ನು ಬೆಟ್ಟದ ಮೇಲೇ ಹೂಳಿ ಬರಬೇಕಾಗುತ್ತದೆ.

ಒಂದು ಚೀಟಿ, ಒಂದು ಮಂಡಿ, ಒಂದು ದಿನ. ಮಕೋರ್ಟಫ್ ಅಡುಗೆಮನೆ ಮೇಜಿನ ಮೇಲೆ ಮೂರೂ ಕಂಪನಿಗಳ ಕಾಗದ ಹರಡಿಕೊಂಡು ಕೂತ. ಹೆಂಡತಿ ಲೂಷಾ ಬೋರ್ಷ್ ಸಾರಿಗೆ ಎಲೆಕೋಸು ಹೆಚ್ಚುತ್ತಿದ್ದಳು.

"ಇದು ನೋಡು, ಸರೋವರದಾಚೆ ದೊಡ್ಡ ಲಾಡ್ಜಿನವರದ್ದು. ಐದು ತರದ ವೈನು. ಬಿಸಿ ಕಲ್ಲಲ್ಲಿ ಬೆನ್ನು ತಿಕ್ಕೋರು. ಮಲಗುವಾಗ ದಿಂಬಿನ ಮೇಲೆ ಚಾಕಲೇಟು."

"ಹಿಮ?"

"ಹನ್ನೊಂದನೇ ಪುಟದಲ್ಲಿ, ಕಾಲುಚೀಲದ ಪಕ್ಕ." ಅದನ್ನು ಒಲೆಯತ್ತ ಎಸೆದ. "ಹೆಣಾನೂ ಇಷ್ಟು ತೊಳೆದು ಒರೆಸಲ್ಲ ಕಣೇ."

ಎರಡನೆಯದು ಡ್ವೇನ್ ಪ್ರಿಚರ್ಡ್‌ನ ಕಂಪನಿಯದು. ಡ್ವೇನ್ ಒಂದು ಕಾಲದಲ್ಲಿ ಮಕೋರ್ಟಫನ ಕೈಕೆಳಗೆ ಬಂಡಿ ಕಲಿತವನು. ಹೊದಿಕೆಯ ಮೇಲೆ ಮೂಗಿನ ಹೊಳ್ಳೆವರೆಗೂ ಹಿಮದಲ್ಲಿ ಮುಳುಗಿದವನೊಬ್ಬನ ಚಿತ್ರ. ಕೆಳಗೆ ದಪ್ಪಕ್ಷರದಲ್ಲಿ 'ವರ್ಷಕ್ಕೆ ಹದಿನೆಂಟು ಮೀಟರ್!'

"ಇವನು ಮಂಡಿಯೂರಿ ಕೂತಿದ್ದಾನೆ," ಎಂದ ಮಕೋರ್ಟಫ್.

"ನಿನಗೆ ಹೇಗೆ ಗೊತ್ತು?"

"ಕೂರಿಸಿದ್ದು ನಾನೇ."

ಮೂರನೆಯದು ಅರ್ಧ ಹಾಳೆ, ಹಳೇ ಟೈಪ್‌ರೈಟರಿನಲ್ಲಿ ಕುಟ್ಟಿದ್ದು. 'ಊಟ ನೀವೇ ತನ್ನಿ. ತಡವಾದವರಿಗೆ ಕಾಯುವುದಿಲ್ಲ. ಹಿಮ ಬಿದ್ದಷ್ಟು ಇರುತ್ತದೆ. ಈನಿಡ್ ಹ್ಯಾಲಮ್.'

"ಅವಳ ಹತ್ರಾನೇ ಹೋಗು," ಎಂದಳು ಲೂಷಾ.

"ಆ ಹೆಸರು ಈ ಮನೇಲಿ ಎತ್ತಬೇಡ."

"ನಾನೆಲ್ಲಿ ಎತ್ತಿದೆ, ಸ್ತಾರಿಕ್? ನಿನ್ನ ಕಣ್ಣೇ ಆ ಹಾಳೆ ಮೇಲೆ ನಾಲ್ಕು ಸಲ ಹೋಗಿ ಬಂತು." ಸ್ತಾರಿಕ್ ಎಂದರೆ ಅವರ ಮನೆಮಾತು ರಷ್ಯನ್ನಿನಲ್ಲಿ ಮುದುಕ, ಮದುವೆಯಾದ ಎರಡನೇ ದಿನದಿಂದ ಅವಳು ಆತನನ್ನು ಕರೆಯುತ್ತಿದ್ದುದೇ ಹಾಗೆ.

ಜಗಳ ಇಪ್ಪತ್ತೆರಡು ವರ್ಷ ಹಳೆಯದು. ಹಿಮ ಅಳೆಯಲು ಪ್ರತಿ ಕಂಪನಿಯ ಅಂಗಳದಲ್ಲೂ ಒಂದು ಬಿಳಿ ಹಲಗೆ, ಅದರ ನಡುವೆ ಒಂದು ಅಳತೆಗೋಲು ಇರುತ್ತದೆ. ಸಂಜೆ ಹಲಗೆ ಗುಡಿಸಿಟ್ಟು, ಬೆಳಿಗ್ಗೆ ಅದರ ಮೇಲೆ ಎಷ್ಟು ಬಿದ್ದಿದೆಯೋ ನೋಡಿ ಊರಿಗೆಲ್ಲ ಸಾರುವುದು ಪದ್ಧತಿ. ಈನಿಡಳ ಬಳಿ ಕೆಲಸಕ್ಕಿದ್ದಾಗ ಮಕೋರ್ಟಫ್ ಆ ಹಲಗೆಯನ್ನು ಬಯಲಿನಿಂದೆತ್ತಿ ಸಾಮಾನು ಕೊಟ್ಟಿಗೆಯ ಹಿಂಬದಿಗೆ ಇಟ್ಟ. ಗಾಳಿ ಇಡೀ ಬೆಟ್ಟದ ಹಿಮವನ್ನು ಗುಡಿಸಿ ತಂದು ಸುರಿಯುವ ಮೂಲೆ ಅದು. ಹತ್ತು ಸೆಂಟಿಮೀಟರ್ ಬಿದ್ದರೆ ಕೋಲು ಮೂವತ್ತು ತೋರಿಸುತ್ತಿತ್ತು. ಸುಳ್ಳು ಹೇಳುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಒಣ ಮರದ ಕೋಲಿನಿಂದ ಸುಳ್ಳು ಹೇಳಿಸಿದವನು ಮಕೋರ್ಟಫ್ ಒಬ್ಬನೇ. ಈನಿಡ್ ಮಾತ್ರ ಹನ್ನೆರಡು ಗಿರಾಕಿಗಳ ಎದುರೇ ಹಲಗೆ ಎತ್ತಿ ಮತ್ತೆ ಬಯಲಿಗೆ ತಂದಿಟ್ಟು, "ಈ ಸುಳ್ಳುಬುರುಕ ನಿಮಗೆ ಹೇಳಿದ್ದು ಮೂವತ್ತು. ಇರೋದು ಹನ್ನೊಂದು," ಎಂದಳು. ಆತ ಅಲ್ಲೇ ಬಂಡಿಯ ಕೀಲಿ ಎಸೆದು, "ನೀನು ಹಿಮಾನ ಚಮಚದಲ್ಲಿ ಮಾರ್ಕೊಂಡು ಸಾಯಿ," ಎಂದು ನಡೆದುಬಿಟ್ಟಿದ್ದ.

ಅಂಥವಳ ಹಿಂದಿನ ಸೀಟಿನಲ್ಲಿ ಹೋಗಿ ಕೂರುವುದೇ? ಮಕೋರ್ಟಫ್ ಡ್ವೇನ್‌ಗೆ ಫೋನು ಹಚ್ಚಿದ.

"ಡ್ವೇನಾ, ಗಿರಾಕಿಗಳಿಗೆ ಹೇಳೋದು ನಂಗೆ ಬೇಡ. ನಿಜ ಎಷ್ಟಿದೆ?"

"ನಲವತ್ನಾಲ್ಕು, ಗುರುವೇ. ತಾಯಾಣೆ. ಈಗ ತಾನೇ ನಾನೇ ನೋಡ್ಕೊಂಡು ಬಂದೆ."

ಮರುದಿನ ಬೆಳಿಗ್ಗೆ ಮಕೋರ್ಟಫ್ ಅಲ್ಲಿದ್ದ. ಜೊತೆಗೆ ಬಂದಿದ್ದ ಹನ್ನೊಂದು ಮಂದಿ ಗಿಳಿಗಳ ಹಿಂಡಿನಂತಿದ್ದರು. ಒಂದೊಂದು ಜಾಕೆಟ್ಟಿಗೂ ಹದಿನಾಲ್ಕು ಜೇಬು, ಒಂದರಲ್ಲೂ ಕರವಸ್ತ್ರವಿಲ್ಲ. ಒಬ್ಬ ಹೆಲ್ಮೆಟ್ಟಿನ ಮೇಲೆ ಮೂರು ಕ್ಯಾಮೆರಾ ಕಟ್ಟಿಕೊಂಡಿದ್ದ, ಬೀಳುವುದನ್ನು ಮೂರು ದಿಕ್ಕಿನಿಂದಲೂ ನೋಡಬೇಕೆಂಬ ಆಸೆಯಿಂದ ಇರಬೇಕು. ಹಿಮದಡಿ ಸಿಕ್ಕಿದವರನ್ನು ಹುಡುಕುವ ಯಂತ್ರವನ್ನು ಮಾರ್ಗದರ್ಶಿ ಎದೆಗೆ ಕಟ್ಟಿಸುತ್ತಿದ್ದರೆ ಇನ್ನೊಬ್ಬ, "ಇದರಲ್ಲಿ ಹಾಡು ಬರುತ್ತಾ?" ಎಂದು ಕೇಳಿದ.

ಮಕೋರ್ಟಫ್ ಈ ಮಂಗಗಳನ್ನು ನೋಡಲಾರದೆ ಅಂಗಳದ ಹಿಂದಕ್ಕೆ ಹೋದ. ಅಲ್ಲಿ ಡೀಸೆಲ್ ಟ್ಯಾಂಕಿನ ಬೆನ್ನಿಗೆ, ಗಾಳಿ ಹಿಮವನ್ನು ಸುರಿದು ಗುಡ್ಡೆ ಹಾಕಿದ್ದ ಮೂಲೆಯಲ್ಲಿ, ಬಿಳಿ ಹಲಗೆ ಸುಖವಾಗಿ ಕೂತಿತ್ತು. ಕೋಲು ನಲವತ್ನಾಲ್ಕು ತೋರಿಸುತ್ತಿತ್ತು.

ಆತ ಕುಂಟುತ್ತ ಬಯಲಿಗೆ ಬಂದು ಸ್ಕೀ ಕೋಲನ್ನು ಹಿಮಕ್ಕೆ ಚುಚ್ಚಿದ. ಹದಿನಾಲ್ಕು ಸೆಂಟಿಮೀಟರ್. ಅದರ ಕೆಳಗೆ ಟಕ್ ಎಂದಿತು. ಕಳೆದ ವಾರದ ಮಳೆ ಹೆಪ್ಪುಗಟ್ಟಿದ ಪದರ, ಅಡುಗೆಮನೆಯ ನೆಲದಷ್ಟು ಗಟ್ಟಿ. ಆ ಸದ್ದು ಕೋಲಿನಿಂದೇರಿ ನೇರ ಬಲಮಂಡಿಗೆ ಬಂದು ಮುಟ್ಟಿತು.

"ಡ್ವೇನಾ! ಹಲಗೇನ ಅಲ್ಲಿ ಯಾವ ಮುಠ್ಠಾಳ ಇಟ್ಟ?"

"ನೀವೇ ಕಲಿಸಿದ್ದಲ್ವಾ ಗುರುವೇ, 'ಗಾಳಿಗೆ ಮರೆ ಇರೋ ಕಡೆ ಇಡು, ಕೋಲು ತಾನೇ ವ್ಯಾಪಾರ ಮಾಡುತ್ತೆ' ಅಂತ." ಡ್ವೇನ್ ಪಾಪ ನಿಜಕ್ಕೂ ಗಲಿಬಿಲಿಗೊಂಡಿದ್ದ. "ಹದಿನೇಳು ವರ್ಷದಿಂದ ಅಲ್ಲೇ ಇದೆ. ನಾನು ಸುಳ್ಳು ಹೇಳ್ಲಿಲ್ಲ. ಹಲಗೆ ಹೇಳಿದ್ದು ಹೇಳ್ದೆ."

ಜೀವಮಾನವಿಡೀ ಅಷ್ಟು ಜನರಿಗೆ ತೋಡಿದ ಗುಂಡಿಯ ಆಳವನ್ನು ಮಕೋರ್ಟಫ್ ಈಗ ಒಳಗಿನಿಂದ ನೋಡಿದ. ಆತನಿಗೆ ನಾಚಿಕೆಯಾಯಿತೆಂದು ಬರೆದರೆ ಅದೊಂದೇ ಈ ಕಥೆಯಲ್ಲಿ ಶುದ್ಧ ಸುಳ್ಳಾದೀತು. ಆತನಿಗೆ ಬಂದದ್ದು ಸಿಟ್ಟು, ಅದೂ ಬೇರೆಯವರ ಮೇಲೆ.

"ನನ್ನ ಚೀಟಿ ವಾಪಸ್ ಕೊಡು."

"ಅಯ್ಯೋ, ಹೆಸರು ಬರೆದಾಯ್ತಲ್ಲ..."

"ಸರಿ. ಹಾಗಾದ್ರೆ ಈ ಹನ್ನೊಂದು ಜನಕ್ಕೂ ಒಂದು ಡೀಸೆಲ್ ಟ್ಯಾಂಕು ತೋರಿಸ್ಬೇಕು ನಾನು. ತುಂಬಾ ಚೆಂದದ ಟ್ಯಾಂಕು. ಬನ್ರಪ್ಪಾ, ಎಲ್ರೂ ಈ ಕಡೆ..."

ಚೀಟಿ ಆತನ ಜೇಬಿಗೆ ಮರಳಿದ ವೇಗವನ್ನು ಅಳೆಯುವ ಕೋಲು ಇನ್ನೂ ಹುಟ್ಟಿಲ್ಲ.

ಮಾರ್ಚ್ ಹತ್ತೊಂಬತ್ತಕ್ಕೆ ಆರು ದಿನ ಉಳಿದಿತ್ತು. ಎರಡು ದಿನ ಆಕಾಶ ಬರಿದಾಗಿತ್ತು. ಮೂರನೆಯ ದಿನ ಬಡಗಣ ಗಾಳಿಯೊಂದಿಗೆ ಹಿಮ ಶುರುವಾದದ್ದು ನಿಲ್ಲಲಿಲ್ಲ. ಐದನೆಯ ದಿನ ಮಧ್ಯಾಹ್ನ ಲೂಷಾ ಫೋನನ್ನು ಮೇಜಿನ ಮೇಲೆ ಆತನ ಬೋರ್ಷ್ ಬಟ್ಟಲಿನ ಪಕ್ಕ ಇಟ್ಟು ಹೋದಳು. ಆತ ಬೋರ್ಷ್ ಮುಗಿಸಿದ. ಬ್ರೆಡ್ಡಿನಿಂದ ಬಟ್ಟಲು ಒರೆಸಿ ತಿಂದ. ಆಮೇಲೆ ನಂಬರು ಒತ್ತಿದ.

"ಹ್ಯಾಲಮ್," ಎಂದಿತು ಒರಟು ದನಿ.

"ನಾನು."

"ಗೊತ್ತು. ಉಸಿರಾಟದಲ್ಲೇ ಜಂಬ ಕೇಳಿಸ್ತಿದೆ. ಏನು?"

"ನಾಳೆ ಎಷ್ಟು ಬೀಳಬಹುದು?"

"ನಾಳೆ ಬಿದ್ದ ಮೇಲೆ ಹೇಳ್ತೀನಿ."

"ಈನಿಡ್, ನಾಡಿದ್ದು ಮಂಡಿ ತೆಗೀತಾರೆ. ನಂಗೆ ಇನ್ನೊಂದು ದಿನ ಇಲ್ಲ."

ಆಚೆ ಕಡೆ ಒಲೆಗೆ ಸೌದೆ ತುರುಕಿದ ಸದ್ದಾಯಿತು.

"ಆರು ಗಂಟೆಗೆ ಬಾ. ಹಲಗೆ ನೀನೇ ಓದ್ತೀಯ, ಗಿರಾಕಿಗಳು ನೋಡೋ ಬೋರ್ಡ್ ಮೇಲೆ ನೀನೇ ಬರೀತೀಯ. ಒಂದು ಸೆಂಟಿಮೀಟರ್ ಸೇರಿಸಿದ್ರೂ ನಿನ್ನ ಸೀಟಲ್ಲಿ ನನ್ನ ನಾಯಿ ಕೂರುತ್ತೆ. ಮತ್ತೆ ಊಟ ನೀನೇ ತಾ."

ಬೆಳಗಿನ ಆರಕ್ಕೆ ಹ್ಯಾಲಮ್ ಅಂಗಳದಲ್ಲಿ ಬೂದುಬೆಳಕು ಹರಿಯುತ್ತಿತ್ತು. ಹಲಗೆ ಬಯಲ ನಡುವೆ, ಗಾಳಿಗೆ ಮೈಯೊಡ್ಡಿಕೊಂಡು, ಅಂದು ಆತನಿಗೆ ಅವಮಾನವಾದ ಜಾಗದಲ್ಲೇ ನಿಂತಿತ್ತು. ಎಪ್ಪತ್ತರ ಗಡಿಯ ಈನಿಡ್ ಲಾಟೀನು ಹಿಡಿದು ಪಕ್ಕದಲ್ಲಿ ನಿಂತಳು. ಮಕೋರ್ಟಫ್ ಬಗ್ಗಿ ಕೋಲು ನೋಡಿದ. ಇಂಥ ಬೋಳು ಬಯಲಲ್ಲಿ, ಅರ್ಧ ಹಿಮ ಗಾಳಿಗೆ ಹಾರಿಹೋಗುವ ಕಡೆ, ಇಷ್ಟು! ಆತನ ನಾಲಿಗೆ ತಾನಾಗಿಯೇ ಎಪ್ಪತ್ತಕ್ಕೆ ಜಿಗಿಯಿತು. ಹಲ್ಲು ಕಚ್ಚಿ ಹಿಡಿದ. ಅರವತ್ತಕ್ಕೆ ಇಳಿಯಿತು. ಐವತ್ತಕ್ಕೆ ಗೋಗರೆಯಿತು. ನಾಯಿ ಬಾಲ ಅಲ್ಲಾಡಿಸುತ್ತ ಆತನನ್ನೇ ನೋಡುತ್ತಿತ್ತು.

"ಮೂವತ್ತೊಂದು," ಎಂದ ಮಕೋರ್ಟಫ್, ಹಲ್ಲು ಕೀಳಿಸಿಕೊಂಡವನಂತೆ.

ಈನಿಡ್ ಬಗ್ಗಿ ನೋಡಿದಳು. "ಮೂವತ್ತೊಂದು," ಎಂದಳು. "ಸತ್ತೇನೂ ಹೋಗ್ಲಿಲ್ಲವಲ್ಲ."

ಹಳೆಯ ಬಂಡಿ ತುದಿ ತಲುಪಿದಾಗ ಈನಿಡ್ ಉಳಿದ ಗಿರಾಕಿಗಳನ್ನೆಲ್ಲ ತಡೆದು, "ಕುಂಟ ಮೊದಲು," ಎಂದಳು. ಮಕೋರ್ಟಫ್ ಇಳಿದ. ಮೊದಲ ತಿರುವಿನಲ್ಲಿ ಹಿಮ ತೊಡೆಗೆ ಬಂತು, ಎರಡನೆಯದರಲ್ಲಿ ಎದೆಗೆ, ಮೂರನೆಯದರಲ್ಲಿ ಬಾಯಿಗೆ. ನಾಲ್ಕನೆಯದರಲ್ಲಿ ಆತ ಕಾಣಿಸಲೇ ಇಲ್ಲ. ದೇವದಾರುಗಳ ನಡುವೆ ಬಿಳಿ ಹೊಗೆಯೊಂದು ತಾನಾಗಿ ಬಳುಕುತ್ತ ಇಳಿಯುತ್ತಿತ್ತು, ಅದರೊಳಗಿಂದ ರಷ್ಯನ್ ಬೈಗುಳಗಳು ಬರುತ್ತಿದ್ದವು. ಮೂರು ದಿನದ ಹಿಮ ಒಂದರ ಮೇಲೊಂದು ಮೆತ್ತಗೆ ಮಲಗಿತ್ತು. ಎಲ್ಲೂ ಟಕ್ ಎನ್ನಲಿಲ್ಲ. ಕೆಳಗೆ ಬಂದಾಗ ಆತನ ಮೀಸೆ ಮಂಜುಗಡ್ಡೆಯಾಗಿತ್ತು, ಮುಖ ಒದ್ದೆಯಾಗಿತ್ತು. ಮೂವತ್ತೆರಡು ವರ್ಷ ಆತ ಯಾರನ್ನು ಹಂಗಿಸಿದ್ದನೋ ಅವರ ಮುಖಗಳು ಇದ್ದದ್ದೂ ಥೇಟ್ ಹೀಗೆಯೇ.

"ಅಳ್ತಿದ್ದೀಯಾ?" ಈನಿಡ್ ಕೇಳಿದಳು.

"ಹಿಮ ಕರಗ್ತಿದೆ."

ಎಂಟನೆಯ ಇಳಿತಕ್ಕೆ ಮಂಡಿ ಸಾಕೆಂದಿತು. ಸಾಕೇ ಆಗಿತ್ತು.

ಮಧ್ಯಾಹ್ನ ನಾಲ್ಕಕ್ಕೆ ಆತ ಮ್ಯಾವಿಸ್‌ಳ ಬೇಕರಿಗೆ ಕುಂಟುತ್ತ ಬಂದ. ಕಿಟಕಿ ಮೇಜಿನಲ್ಲಿ ಮರದ ಮಿಲ್ಲಿನ ಗಾರ್ತ್ ಎಂದಿನಂತೆ ಕೂತಿದ್ದ.

"ಹೇಗಿತ್ತಯ್ಯಾ? ಎಷ್ಟು?"

ಇಡೀ ಬದುಕಿನಲ್ಲಿ ಮೊದಲ ಬಾರಿಗೆ ಮಕೋರ್ಟಫ್‌ಗೆ ಹೆಚ್ಚಿಸುವ ಅಗತ್ಯ ಕಾಣಲಿಲ್ಲ. ಎದೆ ಉಬ್ಬಿಸಿ, "ಮೂವತ್ತೊಂದು," ಎಂದ.

ಗಾರ್ತ್ ಮತ್ತು ಮ್ಯಾವಿಸ್ ಮುಖ ಮುಖ ನೋಡಿಕೊಂಡರು.

"ಹದಿನೈದಾ," ಎಂದ ಗಾರ್ತ್ ಮೆಲ್ಲಗೆ. "ಛೆ. ಹೋಗ್ಲಿ ಬಿಡು."

"ಹದಿನೈದಲ್ಲ! ಮೂವತ್ತೊಂದು! ನಾನೇ ಅಳೆದದ್ದು!"

"ನೀನೇ ಅಳೆದದ್ದಾ..." ಗಾರ್ತ್‌ನ ದನಿ ಇನ್ನಷ್ಟು ಕರಗಿತು. "ಮ್ಯಾವಿಸ್, ಇವನಿಗೊಂದು ದಾಲ್ಚಿನ್ನಿ ಬನ್ ಕೊಡು, ನನ್ನ ಲೆಕ್ಕದಲ್ಲಿ. ಕೊನೇ ದಿನ ಪಾಪ, ಹೀಗಾಗಬಾರದಿತ್ತು."

ಮಕೋರ್ಟಫ್ ಲೂಷಾಳ ಮೇಲೆ ಆಣೆಯಿಟ್ಟ. ಮಂಡಿಯ ಮೇಲೆ ಆಣೆಯಿಟ್ಟ. ಪ್ರತಿ ಆಣೆಗೂ ಅವರ ಮುಖದಲ್ಲಿ ಕನಿಕರ ಒಂದು ಬೆರಳು ಏರುತ್ತಿತ್ತು. ಸೋತು ಕೂತ. ಕನಿಕರದ ಬನ್ನನ್ನು ಕಚ್ಚಿ ಅಗಿಯುತ್ತಿರುವಾಗ ಬಾಗಿಲ ಗಂಟೆ ಗಣಗಣಿಸಿ ಅಂಚೆಯ ಬರ್ನೀಸ್ ಒಳಗೆ ಬಂದಳು.

"ಓಹೋ ಮಕೋರ್ಟಫ್! ಈನಿಡ್ ಹತ್ರ ಹೋಗಿದ್ದಿಯಂತೆ? ಎಷ್ಟಿತ್ತಪ್ಪಾ?"

ಆತ ಬಾಯಲ್ಲಿದ್ದುದನ್ನು ನುಂಗಿ, ಮೀಸೆಯ ಸಕ್ಕರೆ ಒರೆಸಿಕೊಂಡು, ಬೆಣ್ಣೆಯಷ್ಟು ಮೆತ್ತಗೆ ಹೇಳಿದ: "ಅರವತ್ತೆರಡು."

ಬರ್ನೀಸಳ ತುಟಿ ಒಂದು ಕ್ಷಣ ಲೆಕ್ಕ ಹಾಕಿತು. ಕಣ್ಣುಗಳು ಅಗಲವಾದವು. "ಮೂವತ್ತೊಂದಾ! ಆ ಬೋಳು ಬಯಲಲ್ಲಿ? ಅಯ್ಯೋ ಪುಣ್ಯಾತ್ಮ, ಎಲ್ಲೋ ಸೊಂಟದವರೆಗೆ ಮುಳುಗಿರ್ತೀಯ ನೀನು!"

ಗಾರ್ತ್ ಕುರ್ಚಿ ಹಿಂದಕ್ಕೆ ದಬ್ಬಿ ಎದ್ದು ನಿಂತ. ಬನ್ನಿನ ಉಳಿದರ್ಧವನ್ನು ತಟ್ಟೆಯಿಂದ ಕಿತ್ತುಕೊಂಡ.

"ಕಳ್ಳ ಬಡ್ಡೀಮಗನೇ," ಎಂದ, "ಮತ್ತೆ ನನಗ್ಯಾಕೆ ಹದಿನೈದು ಅಂತ ಸುಳ್ಳು ಹೇಳ್ದೆ?"